ಪಾರಸೀಕಯಾನ ಮೀಮಾಂಸೆ: ಆಳಂದದ ಗಂಡ, ಅಫಜಲಪುರದ ಹೆಂಡತಿ, ಜೇವರ್ಗಿ ಹಾದಿ

ಇನ್ನು ದಂಪತಿಪ್ರವಾಸದ ವಿಚಾರ. ಇಬ್ಬರೇ, ಎರಡೇ ದಿನ, ಪರ್ಷಿಯದ ಒಂದು ಹಳೆಯ ಶಹರಕ್ಕೆ. ಪ್ರತಿಜ್ಞೆ ಇಷ್ಟೇ. ಇದರಲ್ಲಿ ‘ಎರಡೇ ದಿನ’ ಎಂಬುದನ್ನು ಎಲ್ಲ ಮತದವರೂ ಒಪ್ಪುತ್ತಾರೆ. ‘ಪರ್ಷಿಯ’ ಎಂಬಲ್ಲಿ ಭಿನ್ನಮತ ಉಂಟು. ‘ಇಬ್ಬರೇ’ ಎಂಬುದನ್ನಂತೂ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಸಾಧಿಸಿ ತೋರಿಸಿದ ಪಂಡಿತ ಇನ್ನೂ ಹುಟ್ಟಿಲ್ಲ.

ಪೂರ್ವಪಕ್ಷ ಹೆಂಡತಿಯದು. ಅಫಜಲಪುರದ ಈಕೆ ಮೊಬೈಲಿನಲ್ಲಿ ಇಸ್ಫಹಾನ್ ನೋಡಿದ್ದಾಳೆ: ನಕ್ಷೆ ಜಹಾನ್ ಚೌಕ, ನೀಲಿ ಗುಮ್ಮಟ, 33 ಕಮಾನುಗಳ ಸೇತುವೆ. “ಹೋದ್ರ ಇಂಥಾ ಊರಿಗಿ ಹೋಗ್ಬೇಕ್ ನೋಡ್ರಿ” ಎಂದು ಸೂತ್ರರೂಪದಲ್ಲಿ ಹೇಳಿದ್ದಾಳೆ. ಆಳಂದದ ಗಂಡನ ಉತ್ತರ: “ಯಾಕ, ನಮ್ಮ ಕಲಬುರಗ್ಯಾಗ ಏನ್ ಕಮ್ಮಿ ಅದ?”

ಸಾಮಾನ್ಯವಾಗಿ ಇಂಥ ಉತ್ತರದ ಮೂಲ ಜಿಪುಣತನ. ಆದರೆ ಜಿಪುಣತನದ ಬೆನ್ನಿಗೆ ಇತಿಹಾಸವೇ ನಿಂತ ಅಪರೂಪದ ಪ್ರಕರಣ ಇದು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದು; ಅದನ್ನು ಕಟ್ಟಿದ ರಫಿ ಎಂಬಾತನ ಮನೆತನ ಇರಾನಿನ ಕಜ್ವೀನಿನದು. ಫಿರೋಜ್ ಶಹಾ ಬಹಮನಿಯ ಗುರುವೂ ಮಂತ್ರಿಯೂ ಆಗಿದ್ದ ಮೀರ್ ಫಜ್ಲುಲ್ಲಾ ಇಂಜು ಶಿರಾಜಿನಿಂದ ಬಂದವನು. ಈ ಫಿರೋಜ್ ಶಹಾ 1400ರ ಸುಮಾರಿಗೆ ಭೀಮಾ ದಂಡೆಯಲ್ಲಿ ತನ್ನದೇ ಹೆಸರಿನ ಅರಮನೆ ಶಹರ ಕಟ್ಟಿಸಿದ: ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಹೊಳೆ, ಒಳಗೆ ದೊಡ್ಡ ಮಸೀದಿ, ದರ್ಬಾರು, ಹಮಾಮು. ಕಲಬುರಗಿಯಿಂದ ಜೇವರ್ಗಿ ಹಾದಿ ಹಿಡಿದರೆ ಫಿರೋಜಾಬಾದ್ 30 ಕಿ.ಮೀ. ಒಳಗೇ ಸಿಗುತ್ತದೆ. ಪರ್ಷಿಯವೇ ತನ್ನ ಖರ್ಚಿನಲ್ಲಿ ಇಲ್ಲಿಗೆ ಬಂದು ಹೋಗಿರುವಾಗ ನಾವು ಅಲ್ಲಿಗೆ ಹೋಗುವುದು ಪುನರುಕ್ತಿದೋಷ.

ಶಂಕೆ: ಇಸ್ಫಹಾನಿನ ಸೇತುವೆ ಕೆಳಗೆ ನದಿ ಇದೆಯಲ್ಲ? ಸಮಾಧಾನ: ಆ ಜಾಯಂದೆ ರೂದ್ ಈಚಿನ ವರ್ಷಗಳಲ್ಲಿ ತಿಂಗಳುಗಟ್ಟಲೆ ಬತ್ತಿರುತ್ತದೆ; ಜನ ನದಿಯ ಪಾತ್ರದಲ್ಲೇ ಅಡ್ಡಾಡುತ್ತಾರೆ. ಬ್ಯಾಸಗಿಯಲ್ಲಿ ನಮ್ಮ ಭೀಮಾ ಬೇರೇನು ಮಾಡುತ್ತಾಳೆ? ಮೇಲಾಗಿ ಮಳೆಗಾಲದಲ್ಲಿ ಉಜನಿ ಅಣೆಕಟ್ಟಿನ ನೀರು ಸೊನ್ನ ಬ್ಯಾರೇಜು ದಾಟಿ ಬಂದಾಗ ಹೊಳೆಯೇ ಹೊಲ ನೋಡಲು ಬರುತ್ತದೆ. ಈ ಸೌಲಭ್ಯ ಇಸ್ಫಹಾನಿಗರಿಗೆ ಇಲ್ಲ.

ಅರ್ಥಶಾಸ್ತ್ರದ ಭಾಗ ಚಿಕ್ಕದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಹೆಂಡತಿ ಆಧಾರ್ ತೋರಿಸುತ್ತಾಳೆ, ಸೊನ್ನೆ ಟಿಕೆಟ್ ಬರುತ್ತದೆ. ಗಂಡ ಜೇಬಿಗೆ ಕೈ ಹಾಕುತ್ತಾನೆ. ದಂಪತಿ ಎಂಬ ಘಟಕದ ಅರ್ಧವನ್ನು ಸರ್ಕಾರ ಸಾಗಿಸುವುದು ಪ್ರವಾಸಶಾಸ್ತ್ರದ ಇತಿಹಾಸದಲ್ಲಿ ಹೊಸ ಘಟ್ಟ. ಆದರೂ ಗಂಡನ ಮುಖ ಪೂರಾ ಟಿಕೆಟ್ ತೆಗೆದವನಂತೆಯೇ ಇರುತ್ತದೆ. ಇದಕ್ಕೆ ಕಾರಣ ಯಾವ ಗ್ರಂಥದಲ್ಲೂ ಸಿಗಲಿಲ್ಲ.

ಮುಂಗಡ ಹಣದ ವಿಷಯದಲ್ಲಿ ಮಾತ್ರ ಪ್ರಾಚೀನ ಆಧಾರ ಗಟ್ಟಿಯಾಗಿದೆ. ಶಿರಾಜಿನ ಮಹಾಕವಿ ಹಾಫಿಜನಿಗೆ ಬಹಮನಿ ದರ್ಬಾರಿನಿಂದ ಕರೆ ಹೋಗಿತ್ತು, ದಾರಿಖರ್ಚೂ ಹೋಗಿತ್ತು. ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫರಿಶ್ತಾ ಹೇಳುವಂತೆ, ಕವಿ ಆ ದುಡ್ಡಿನಲ್ಲಿ ಒಂದಿಷ್ಟನ್ನು ತಂಗಿಯ ಮಕ್ಕಳಿಗೆ ಕೊಟ್ಟ, ಒಂದಿಷ್ಟರಲ್ಲಿ ಸಾಲ ತೀರಿಸಿದ, ಉಳಿದದ್ದನ್ನು ದಾರಿಯಲ್ಲಿ ಸಿಕ್ಕ ಕಷ್ಟದಲ್ಲಿದ್ದ ಗೆಳೆಯನ ಕೈಗಿಟ್ಟ. ಹಾರ್ಮುಜ್ ಬಂದರಿನಲ್ಲಿ ಹಡಗು ಹತ್ತಿದವನು ಬಿರುಗಾಳಿ ಎದ್ದದ್ದನ್ನು ನೋಡಿ ಇಳಿದು, ಒಂದು ಗಜಲ್ ಕಳಿಸಿ ಮನೆಗೆ ಮರಳಿದ. ಪಂಡಿತರು ಬಿರುಗಾಳಿಯನ್ನೇ ಕಾರಣವೆಂದು ಎಣಿಸುತ್ತಾರೆ. ಆಳಂದದ ಗೃಹಸ್ಥ ಆ ಜಮಾಖರ್ಚನ್ನು ಒಮ್ಮೆ ನೋಡಿದರೆ ಸಾಕು, ತಂಗಿಯ ಮಕ್ಕಳೆಂಬಲ್ಲೇ ಬೆರಳಿಡುತ್ತಾನೆ. ಅವನು ಪರ್ಷಿಯಕ್ಕೆಂದು ಕೂಡಿಟ್ಟದ್ದರಲ್ಲಿ ಸೋದರಳಿಯನ ಪಿಯುಸಿ ಟ್ಯೂಶನ್ ಫೀ ಹೋಗಿ ಈಗ ಉಳಿದಿರುವುದು ಫಿರೋಜಾಬಾದಿಗೆ ಸರಿಯಾದ ಮೊತ್ತ.

ದಂಪತಿಯ ಕಿರುಪ್ರವಾಸಕ್ಕೆ ನಮ್ಮ ಸೀಮೆಯ ಆದಿ ಉದಾಹರಣೆಯೂ ಫರಿಶ್ತಾನಲ್ಲೇ ಇದೆ. 1406-07ರ ಯುದ್ಧದ ಕೊನೆಗೆ ವಿಜಯನಗರದ ಒಂದನೆಯ ದೇವರಾಯ ಮಗಳನ್ನು ಫಿರೋಜ್ ಶಹಾನಿಗೆ ಕೊಟ್ಟ, ಬಂಕಾಪುರ ಬಳುವಳಿ. ಸುಲ್ತಾನ ಹೊಸ ಹೆಂಡತಿಯೊಡನೆ ಮಾವನ ಊರಿಗೆ ಹೋದ. ದಾರಿಗೆ ಮಖಮಲ್ಲು ಹಾಸಿದ್ದರು. ಮೂರು ದಿನ ಉಪಚಾರ. ಹೊರಡುವಾಗ ಮಾವ ಅರ್ಧ ದಾರಿವರೆಗೆ ಬಂದು ಕಳಿಸಿ ತಿರುಗಿದ. ಬಿಡಾರದ ತನಕ ಬರಲಿಲ್ಲ. ಅಳಿಯ ಅದನ್ನು ಮನಸ್ಸಿಗೆ ಹಚ್ಚಿಕೊಂಡ, ಇದಕ್ಕೆ ತಕ್ಕದ್ದು ಮಾಡುತ್ತೇನೆಂದು ಮಂತ್ರಿಯ ಮುಂದೆ ಹೇಳಿಕೊಂಡ. ಈ ಕಥೆಯನ್ನು ಕೆಲವು ಇತಿಹಾಸಕಾರರು ನಂಬುವುದಿಲ್ಲ. ಅವರು ಅಫಜಲಪುರಕ್ಕೆ ಅಳಿಯರಾಗಿ ಹೋದವರಲ್ಲ. ನಮ್ಮ ಆಳಂದದವನಿಗೆ ಹೋದ ನಾಗರಪಂಚಮಿಗೆ ಭಾವಮೈದ ಬಸ್‌ಸ್ಟ್ಯಾಂಡಿನ ತನಕ ಬರದೆ ಪಾನ್ ಅಂಗಡಿಯ ಹತ್ತಿರವೇ ಕೈ ಬೀಸಿದ್ದು ಇನ್ನೂ ಮರೆತಿಲ್ಲ.

ಕಾಲನಿರ್ಣಯ ಎಲ್ಲಕ್ಕಿಂತ ಕಠಿಣ. ಏಪ್ರಿಲ್-ಮೇ ಬಿಸಿಲಿನಲ್ಲಿ ಫಿರೋಜಾಬಾದಿನ ಕಲ್ಲಿನ ಮೇಲೆ ಕೂತರೆ ಪ್ರೇಮ ಉಳಿಯುವುದಿಲ್ಲ. ಮಳೆಗಾಲದಲ್ಲಿ ಕರಿಮಣ್ಣು ಚಪ್ಪಲಿಯನ್ನು ಇಟ್ಟುಕೊಂಡು ಕಾಲನ್ನು ಮಾತ್ರ ವಾಪಸು ಕೊಡುತ್ತದೆ. ಚಳಿಗಾಲ ಪ್ರಶಸ್ತ ಎನ್ನೋಣವೆಂದರೆ ದತ್ತ ಜಯಂತಿಗೆ ಗಾಣಗಾಪುರ ತಪ್ಪಿಸುವಂತಿಲ್ಲ. ಎಳ್ಳ ಅಮಾಸಿಗೆ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಲೇಬೇಕು. ಅದರ ಹಿಂದೆಯೇ ತೊಗರಿ ರಾಶಿ. ರಾಶಿ ಮುಗಿದು ದುಡ್ಡು ಕೈಗೆ ಬಂದರೆ ಕಲಬುರಗಿಯ ಶರಣಬಸಪ್ಪನ ಜಾತ್ರೆ, ಅದು ಮುಗಿದರೆ ಮತ್ತೆ ಬಿಸಿಲು. ಹೀಗೆ ವರ್ಷದ ಎಲ್ಲ ದಿನಗಳನ್ನೂ ಕಳೆದು ನೋಡಿದ ಹೆಂಡತಿ ಕೊನೆಗೆ ಗೋಡೆಗೆ ನೇತಾಡುವ ಕ್ಯಾಲೆಂಡರಿನಲ್ಲಿ ಒಂದು ಬುಧವಾರಕ್ಕೆ ಪೆನ್ನಿನಿಂದ ಸುತ್ತು ಹಾಕಿದಳು.

ಸ್ಥಳಪರಿಚಯವನ್ನೂ ಆಕೆ ಸಿದ್ಧ ಮಾಡಿಕೊಂಡಿದ್ದಾಳೆ. ಗೋಡೆಯೊಳಗೆ ಈಗ ಒಂದು ಹಳ್ಳಿ, ಸುತ್ತ ಹೊಲ. ಅಹಮದ್ ಶಹಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಅರಮನೆಯವರು ಈ ಕಡೆ ತಿರುಗಿ ನೋಡಲಿಲ್ಲ. ಮಸೀದಿಯ ಅಂಗಳ ವಿಶಾಲ. ಗೋಡೆಯ ನೆರಳು ಊಟಕ್ಕೆ ಯೋಗ್ಯ. ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಬಾಟಲಿಯಲ್ಲಿ ಮಜ್ಜಿಗೆ. ಎಲ್ಲ ಇಬ್ಬರ ಲೆಕ್ಕಕ್ಕೆ.

ಇಲ್ಲಿ ಅತ್ತೆಯ ಪ್ರವೇಶ. “ಏನ್‌ವಾ, ಜೇವರ್ಗಿ ಹಾದಿ ತನಕ ಹೋಗಿ ನಮ್ಮ ತಂಗಿ ಮನಿಗಿ ಹೋಗ್ದೇ ಬಂದ್ರ ಮಂದಿ ಏನಂತಾರ?” ಈ ವಾಕ್ಯಕ್ಕೆ ಯಾವ ದರ್ಶನದಲ್ಲೂ ಖಂಡನೆ ಇಲ್ಲ. ತಂಗಿಯ ಮನೆಗೆಂದ ಮೇಲೆ ಅತ್ತೆ ಬಂದರು, ಅವರ ಮೊಣಕಾಲಿಗೆ ಬಸ್ಸು ಬೇಡವೆಂದು ಕ್ರೂಸರ್ ಬಂತು, ಕ್ರೂಸರಿನಲ್ಲಿ ಜಾಗ ಖಾಲಿ ಹೋಗಬಾರದೆಂದು ಅಫಜಲಪುರದ ತವರಿನವರು ಬಂದರು, ತವರಿನವರು ಬಂದಮೇಲೆ ಗಾಣಗಾಪುರದ ದರ್ಶನವೂ ಬಂತು.

“ಮತ್ತ ಫಿರೋಜಾಬಾದ್?” ಎಂದಳು ಹೆಂಡತಿ.

“ಬರೂವಾಗ ನೋಡಿದ್ರಾಯ್ತು.”

“ಬರೂವಾಗ ಕತ್ತಲಾಗ್ತದರಿ.”

ಗಂಡ ನಿರುತ್ತರ. ಸದ್ಯ ವಿದ್ವತ್ಸಭೆಯ ಮುಂದಿರುವ ಪ್ರಶ್ನೆ ಬೇರೆ: ಮುಂದಿನ ಸೀಟಿನಲ್ಲಿ ಮೊಣಕಾಲು ನೋವಿನ ಅತ್ತೆ ಕೂಡಬೇಕೋ, ಗಾಡಿ ಹತ್ತಿದರೆ ವಾಂತಿ ಮಾಡುವ ಸೋದರಳಿಯನೋ, ಅಥವಾ ಈ ಸಲವಾದರೂ ಮರ್ಯಾದೆಯಿಂದ ನೋಡಿಕೊಳ್ಳಬೇಕಾದ ಭಾವಮೈದನೋ. ಎರಡು ದಿನದಿಂದ ವಾದ ನಡೆದಿದೆ.