ಅರ್ಧಪಾಠ ಮೀಮಾಂಸೆ

ಕನ್ನಡ ಸಾಹಿತ್ಯ ವಿಮರ್ಶೆಯು ಈವರೆಗೆ ಪುಸ್ತಕವನ್ನು ಬರೆದವರನ್ನೂ ಓದಿ ಮುಗಿಸಿದವರನ್ನೂ ಮಾತ್ರ ಗಣನೆಗೆ ತೆಗೆದುಕೊಂಡು, ಇವರಿಬ್ಬರ ನಡುವೆ ಪುಸ್ತಕವನ್ನು ಎದೆಯ ಮೇಲೆ ಮಗುಚಿ ಹಾಕಿಕೊಂಡು ಮಲಗಿರುವ ಬಹುಜನ ಸಮುದಾಯವನ್ನು ಸಂಪೂರ್ಣವಾಗಿ ಕಡೆಗಣಿಸಿದೆ. ಸಹೃದಯ, ಅಂದರೆ ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳ ಓದುಗ, ಹೇಗಿರಬೇಕೆಂದು ಅಲಂಕಾರಶಾಸ್ತ್ರವು ಸಾವಿರ ವರ್ಷಗಳಿಂದ ಹೇಳುತ್ತ ಬಂದಿದ್ದರೂ ಅವನು ಎಷ್ಟನೆಯ ಪುಟದಲ್ಲಿರಬೇಕೆಂದು ಯಾವ ಆಚಾರ್ಯನೂ ಹೇಳಿಲ್ಲ, ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿಯೂ ಈ ವಿಷಯಕ್ಕೆ ಪ್ರತ್ಯೇಕ ಪ್ರಕರಣವಿಲ್ಲ. ಆ ಗ್ರಂಥವನ್ನೇ ಪರೀಕ್ಷೆಯ ಹಿಂದಿನ ರಾತ್ರಿ ರಸಪ್ರಕರಣದವರೆಗೆ ಮಾತ್ರ ಓದಿ ತೇರ್ಗಡೆಯಾದ ವಿದ್ವಾಂಸರ ಪರಂಪರೆಯೊಂದು ನಾಡಿನಲ್ಲಿರುವಾಗ ಈ ಕೊರತೆಯು ಇನ್ನಷ್ಟು ಎದ್ದು ಕಾಣುತ್ತದೆ. ಇದನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಲಕ್ಷಣವನ್ನು ಹೇಳಬೇಕು. ಪುಸ್ತಕವೊಂದನ್ನು ತೆರೆದು, ಮುಗಿಸದೆ, ಅದರ ಬಗ್ಗೆ ಅಭಿಪ್ರಾಯ ಹೇಳುವವನು ಅರ್ಧಪಾಠಿ. ಅವನು ಆಡುವ ಮಾತು ಮಧ್ಯೋಕ್ತಿ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ, ಎಂದರೆ ಉದ್ದೇಶಿಸದ ವಸ್ತುವಿಗೂ ಲಕ್ಷಣವು ಅನ್ವಯಿಸಿಬಿಡುವ ದೋಷ, ಕೂಡಲೇ ತಗಲುತ್ತದೆ. ಏಕೆಂದರೆ ಪುಸ್ತಕ ಬಿಡುಗಡೆ ಸಮಾರಂಭದ ಅಧ್ಯಕ್ಷರು ‘ಕೃತಿ ನಿನ್ನೆ ರಾತ್ರಿಯಷ್ಟೇ ಕೈ ಸೇರಿತು, ಪೂರ್ತಿ ಓದಲು ಆಗಲಿಲ್ಲ, ಅಲ್ಲಲ್ಲಿ ಕಣ್ಣಾಡಿಸಿದೆ’ ಎಂದು ಪೀಠಿಕೆ ಹಾಕಿ ಮುಕ್ಕಾಲು ಗಂಟೆ ಮಾತನಾಡುವಾಗ ಅವರೂ ಅರ್ಧಪಾಠಿಗಳೇ ಆಗಬೇಕಾಗುತ್ತದೆ. ಆದ್ದರಿಂದ ‘ಶಾಲು ಹೊದಿಸಿಕೊಳ್ಳದೆ’ ಎಂಬ ವಿಶೇಷಣವನ್ನು ಲಕ್ಷಣಕ್ಕೆ ಸೇರಿಸುವುದು ಅನಿವಾರ್ಯ. ಬಾಯಿಬಿಟ್ಟು ಏನೂ ಹೇಳದೆ ಪುಟಕ್ಕೊಮ್ಮೆ ಲೊಚಗುಟ್ಟುವವರು ಈ ಲಕ್ಷಣದಿಂದ ಹೊರಗುಳಿಯುತ್ತಾರಲ್ಲ ಎಂಬ ಆಕ್ಷೇಪಕ್ಕೆ, ಲೊಚಗುಟ್ಟುವಿಕೆಯೂ ಉಕ್ತಿಯೇ ಎಂಬುದು ಉತ್ತರ; ಅದರ ಅರ್ಥವು ಪಕ್ಕದಲ್ಲಿ ಕುಳಿತವರಿಗೆ ಸಂಪೂರ್ಣವಾಗಿ ತಿಳಿಯುತ್ತದೆ.

ಓದಿ ಮುಗಿಸದವನಿಗೆ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂಬುದು ಪೂರ್ವಪಕ್ಷ, ಎಂದರೆ ಎದುರಾಳಿಯ ವಾದ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯದ ವಿಷಯದಲ್ಲಿ ಪರಿಣತರು ಎಂದು ಮೆಚ್ಚಿಕೊಂಡಿರುವುದನ್ನು ಅರ್ಧಪಾಠಿಗಳು ಇಲ್ಲಿ ಪ್ರಮಾಣವಾಗಿ ಮುಂದಿಡುತ್ತಾರೆ: ಏನೂ ಓದದವನೇ ಪರಿಣತನಾದರೆ ಅರ್ಧ ಓದಿದವನು ಅತಿಪರಿಣತನೆಂಬುದು ಅವರ ತರ್ಕ. ಇದಕ್ಕಿಂತ ಬಲವಾದ ಆಧಾರ ಕವಿಗಳ ನಡವಳಿಕೆಯಲ್ಲಿಯೇ ಇದೆ. ಬಾಣಭಟ್ಟನ ‘ಕಾದಂಬರಿ’ ನಡುವೆ ನಿಂತು ಮಗನು ಅದನ್ನು ಪೂರೈಸಬೇಕಾಯಿತು. ಕುಮಾರವ್ಯಾಸನು ಮಹಾಭಾರತದ 18 ಪರ್ವಗಳಲ್ಲಿ 10ನ್ನು ಹೇಳಿ, ದುರ್ಯೋಧನನ ತೊಡೆ ಮುರಿಯುವ ಗದಾಪರ್ವದೊಂದಿಗೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಶ್ರದ್ಧೆಯಿಂದ ಬರೆದು ಮುಗಿಸಿದನು. ನಡುವೆ ಬಿಟ್ಟವನ ಹೆಸರು ಗಮಕಿಗಳ ಬಾಯಲ್ಲಿಯೂ, ಮುಗಿಸಿದವನ ಹೆಸರು ಪ್ರಶ್ನೆಪತ್ರಿಕೆಯ ಒಂದಂಕದ ವಿಭಾಗದಲ್ಲಿಯೂ ಉಳಿದುಬಂದಿರುವುದು ಆಕಸ್ಮಿಕವಲ್ಲ.

ಇನ್ನು ಮಧ್ಯೋಕ್ತಿಯ ಸ್ವರೂಪ. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುವಾಗ ‘ನಿಜಸುಖಾದಿವಿವಶೀಭಾವ’ವೆಂಬ ಒಂದನ್ನು ಸೇರಿಸಿದ್ದಾನೆ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿಹೋಗಿ ಕಾವ್ಯದೊಳಕ್ಕೆ ಬರಲಾರದ ಸ್ಥಿತಿ ಎಂದು ಇದರ ಅರ್ಥ. ಇದರ ನಿವಾರಣೆಗೆ ವಾದ್ಯ, ಗಾನ, ಅಲಂಕೃತ ಮಂಟಪ ಮುಂತಾದ ಉಪಾಯಗಳನ್ನೂ ಆತನು ಸೂಚಿಸಿದ್ದಾನೆ. ಆದರೆ ಮನೆಯಲ್ಲಿ ಕುಳಿತು ಓದುವವನಿಗೆ ದೊರೆಯುವ ವಾದ್ಯವೆಂದರೆ ಕುಕ್ಕರಿನ ಸೀಟಿ. ಅದು ಎಷ್ಟು ಸಲ ಕೂಗಿತೆಂದು ಎಣಿಸುವ ಹೊಣೆಯೂ ಸಾಮಾನ್ಯವಾಗಿ ಅವನದೇ ಆಗಿರುವುದರಿಂದ ವಿಘ್ನವು ನಿವಾರಣೆಯಾಗುವ ಬದಲು ಇಮ್ಮಡಿಯಾಗುತ್ತದೆ. ಆಚಾರ್ಯನ ಮೇಲಿನ ಗೌರವವನ್ನು ಇಟ್ಟುಕೊಂಡೇ ಪ್ರಸ್ತುತ ಪ್ರಬಂಧವು ಇಲ್ಲಿ ಭಿನ್ನಮತವನ್ನು ಮಂಡಿಸುತ್ತದೆ: ಈ ವಿಘ್ನವೇ ಅರ್ಧಪಾಠದ ರಸ.

ಎಸ್.ಎಲ್. ಭೈರಪ್ಪನವರ ‘ಪರ್ವ’ವನ್ನು (1979) ಉದಾಹರಣೆಯಾಗಿ ನೋಡಬಹುದು. ಮದ್ರದೇಶದ ಶಲ್ಯನಿಂದ ತೊಡಗಿ ಕುಂತಿ, ಭೀಮ, ದ್ರೌಪದಿಯರ ನೆನಪುಗಳ ಮೂಲಕ ಸಾಗುವ, ಮಹಾಭಾರತದಿಂದ ಪವಾಡಗಳನ್ನು ತೆಗೆದುಹಾಕಿ ಮನುಷ್ಯರನ್ನು ಉಳಿಸಿಕೊಂಡ ಈ ಕಾದಂಬರಿಯ ಓದುಗರು ತಾವಿರುವ ಪುಟವನ್ನು ಅಂಕಿಯಿಂದ ಹೇಳುವುದಿಲ್ಲ. ‘ಇನ್ನೂ ಕುಂತಿಯ ಹತ್ತಿರ ಇದ್ದೇನೆ’, ‘ಭೀಮನನ್ನು ದಾಟಿದೆ’ ಎಂದು ನೆಂಟರ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ. ಅಣ್ಣನೊಡನೆ ಆಸ್ತಿಯ ವ್ಯಾಜ್ಯ ನಡೆಸುತ್ತಿರುವ ಓದುಗನು ಪಾಂಡವರ ಪಾಲಿನ ಪ್ರಶ್ನೆ ಬರುವಲ್ಲಿ ಪುಸ್ತಕವನ್ನು ಕೆಳಗಿಟ್ಟು ವಕೀಲರಿಗೆ ಫೋನು ಮಾಡುತ್ತಾನೆ. ಸೊಸೆಯೊಡನೆ ಮಾತು ಬಿಟ್ಟಿರುವ ಅತ್ತೆಯು ಕುಂತಿಯ ಪ್ರತಿಯೊಂದು ನಿಟ್ಟುಸಿರಿಗೂ ತಲೆದೂಗುತ್ತಾಳೆ. ಪ್ರತಿ ಏಕಾದಶಿ ಉಪವಾಸ ಮಾಡುವ ಹಿರಿಯರು ‘ಇದು ಮಹಾಭಾರತವೇ ಅಲ್ಲ’ ಎಂದು ಸಿಟ್ಟಿನಿಂದ ಕನ್ನಡಕ ತೆಗೆದಿಟ್ಟು, ಕಾಫಿ ಕುಡಿದು, ಅದೇ ಕನ್ನಡಕವನ್ನು ಹಾಕಿಕೊಂಡು ಅದೇ ಪುಟದಿಂದ ಮುಂದುವರಿಯುತ್ತಾರೆ. ಗಮನಿಸಬೇಕಾದುದೆಂದರೆ, ಪುಸ್ತಕ ಮುಗಿದ ಮೇಲೆ ಈ ಮೂವರೂ ‘ಯುದ್ಧದ ನಿರರ್ಥಕತೆಯನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಎಂಬ ಒಂದೇ ವಾಕ್ಯವನ್ನು ಹೇಳುತ್ತಾರೆ. ವಕೀಲರೂ ಸೊಸೆಯೂ ಏಕಾದಶಿಯೂ ಆ ವಾಕ್ಯದೊಳಗೆ ಎಲ್ಲಿಯೂ ಕಾಣಸಿಗುವುದಿಲ್ಲ. ಮುಗಿಸಿದವನ ಮಾತು ಬೆನ್ನುಡಿಯಿಂದ ಬಂದದ್ದು, ಮಧ್ಯೋಕ್ತಿಯು ಮನೆಯಿಂದ ಬಂದದ್ದು ಎಂಬ ಸಿದ್ಧಾಂತವನ್ನು ಇಷ್ಟರಿಂದಲೇ ಸ್ಥಾಪಿಸಬಹುದಾಗಿದೆ.

ಭರತನು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ 33 ವ್ಯಭಿಚಾರಿಭಾವಗಳಲ್ಲಿ, ಅಂದರೆ ಮನಸ್ಸಿನಲ್ಲಿ ಬಂದುಹೋಗುವ ಅಸ್ಥಿರ ಭಾವಗಳಲ್ಲಿ, ಆಲಸ್ಯ, ನಿದ್ರೆ, ಸುಪ್ತ, ವಿಬೋಧ ಎಂಬ ನಾಲ್ಕೂ ಸೇರಿರುವುದನ್ನು ಕಂಡರೆ, ಮಧ್ಯಾಹ್ನದ ಊಟದ ನಂತರ ಚಾಪೆಯ ಮೇಲೆ ಮಲಗಿ ಓದುವವರನ್ನು ಆ ಮುನಿಯು ಹತ್ತಿರದಿಂದ ನೋಡಿದ್ದನೆಂದು ಊಹಿಸಲು ಅಡ್ಡಿಯಿಲ್ಲ. ಪುಸ್ತಕವು ಮುಖದ ಮೇಲೆ ಬಿದ್ದಾಗ ಉಂಟಾಗುವುದೇ ವಿಬೋಧ.

ಈ ಶಾಸ್ತ್ರದ ಕಠಿಣತಮ ಪ್ರಕರಣವು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಬರುವ ಹುಲಿಯನೆಂಬ ನಾಯಿಗೆ ಸಂಬಂಧಿಸಿದ್ದು. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿಗಳ ಹೆಗ್ಗಡೆ ಗೌಡರಲ್ಲಿ ಯಾರು ಯಾರಿಗೆ ಭಾವ, ಯಾರು ಯಾರಿಗೆ ಸಾಲಗಾರ ಎಂಬುದನ್ನು ಕೊನೆಯ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡು, ನೂರನೆಯ ಪುಟದ ಹೊತ್ತಿಗೆ ಆ ನಕ್ಷೆಯೇ ಅರ್ಥವಾಗದೆ ಕೈಬಿಟ್ಟ ಓದುಗನು, ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟ ಗುತ್ತಿಯ ಹಿಂದೆ ಹೆಜ್ಜೆ ಹಾಕುವ ಹುಲಿಯನನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ನಡುವೆ ಎಲ್ಲಿಯೋ ಅವನಿಗೆ ಶಂಕೆ ಹುಟ್ಟಿ, ಕಾದಂಬರಿಯನ್ನು ಮೊದಲೇ ಓದಿರುವ ಹೆಂಡತಿಯನ್ನು ‘ಅಲ್ಲ ಕಣೇ, ಆ ನಾಯಿಗೆ ಏನೂ ಆಗಲ್ಲ ತಾನೆ?’ ಎಂದು ಕೇಳುತ್ತಾನೆ. ಬಟ್ಟೆ ಮಡಚುತ್ತಿದ್ದ ಆಕೆಯು ತಲೆಯೆತ್ತದೆ ‘ಸುಮ್ನೆ ಓದ್ರೀ’ ಎನ್ನುತ್ತಾಳೆ. ಈ ಎರಡು ಪದಗಳ ವಾಕ್ಯದಲ್ಲಿ ಉಕ್ಕಿದ ತುಂಗೆಯೂ ಅದರಲ್ಲಿ ಕೊಚ್ಚಿಹೋಗುವ ಹುಲಿಯನೂ ಇದ್ದಾರೆಂಬುದು ವ್ಯಂಗ್ಯಾರ್ಥ, ಅಂದರೆ ಹೇಳದೆ ಹೊಳೆಯಿಸಿದ ಅರ್ಥ. ಆನಂದವರ್ಧನನ ಧ್ವನಿಸಿದ್ಧಾಂತಕ್ಕೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ಸಂಸಾರದಲ್ಲಿ ಸಿಗುವುದು ಕಷ್ಟ. ಅಂದಿನಿಂದ ಆ ಓದುಗನು ದಿನಕ್ಕೆ ಎರಡೇ ಪುಟದಂತೆ ಓದತೊಡಗುವುದುಂಟು. ಹುಲಿಯನ ಆಯುಷ್ಯವನ್ನು ಹೆಚ್ಚಿಸಲು ಅವನ ಕೈಯಲ್ಲಿರುವುದು ಅದೊಂದೇ ಉಪಾಯ. ಇದೇ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿಸಿದಾಗ ಅರ್ಧಪಾಠಿಗಳಿಗೆ ಈ ಸೌಕರ್ಯ ತಪ್ಪಿತು. ನಾಟಕದ ಪುಟವನ್ನು ಮಡಚಿಡಲು ಬರುವುದಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಸಮಸ್ಯೆಯು ಬೇರೆ ಬಗೆಯದು. ಸತ್ತ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದು ಇತ್ಯರ್ಥವಾಗದೆ ಅಗ್ರಹಾರದವರು ಊಟ ಬಿಟ್ಟು ಕುಳಿತಿರುವಲ್ಲಿ ಪುಸ್ತಕ ಮುಚ್ಚಿ ಊಟಕ್ಕೆ ಏಳುವ ಓದುಗನು ಶವವನ್ನು ಹಾಗೆಯೇ ಬಿಟ್ಟು ಎದ್ದಂತಾಗುತ್ತದೆ. ಅವನಿಗೆ ಸೂತಕ ತಗಲುತ್ತದೆಯೇ ಎಂಬುದನ್ನು ಧರ್ಮಶಾಸ್ತ್ರಗಳು ವಿಚಾರಿಸಿಲ್ಲ. ನಾರಣಪ್ಪನೊಡನೆ ಬಾಳುತ್ತಿದ್ದ ಚಂದ್ರಿಯು ರಾತ್ರೋರಾತ್ರಿ ಗುಟ್ಟಾಗಿ ಶವವನ್ನು ಸುಡಿಸಿಬಿಡುವ ಪುಟವನ್ನು ತಲುಪದವನೂ ಅದನ್ನು ಅರಿಯದ ಅಗ್ರಹಾರದ ಬ್ರಾಹ್ಮಣರೂ ತಿಳಿವಳಿಕೆಯಲ್ಲಿ ಸಮಾನರು. ಹಾಗಾಗಿ ಆ ಬ್ರಾಹ್ಮಣರ ಗೊಂದಲವನ್ನು ಪೂರ್ತಿಯಾಗಿ ಅನುಭವಿಸುವವನು ಅರ್ಧಪಾಠಿಯೊಬ್ಬನೇ. ಇನ್ನು ಮುಗಿಸಿದವನಿಗಾದರೂ ಹೆಚ್ಚು ತಿಳಿಯಿತೇ ಎಂದರೆ, ಈ ಸಂಸ್ಕಾರದ ತೀರ್ಮಾನ ಹೇಳಬೇಕಾಗಿದ್ದ ಪ್ರಾಣೇಶಾಚಾರ್ಯರು ಗಾಡಿಯಲ್ಲಿ ಊರಿನ ಕಡೆಗೆ ಹೊರಟಿರುವಂತೆಯೇ ಕಾದಂಬರಿ ನಿಂತುಬಿಡುವುದರಿಂದ, ಕೊನೆಯ ಪುಟ ಮುಟ್ಟಿದವನೂ ದಾರಿಯ ನಡುವೆಯೇ ಇರುತ್ತಾನೆ.

1965ರಲ್ಲಿ ಆರಂಭವಾದ ‘ಸುಧಾ’ ಮತ್ತಿತರ ವಾರಪತ್ರಿಕೆಗಳು ಧಾರಾವಾಹಿಗಳನ್ನು ಪ್ರಕಟಿಸಿ ಅರ್ಧಪಾಠವನ್ನು ಕಡ್ಡಾಯಗೊಳಿಸಿದವು. ‘ಮುಂದುವರಿಯುವುದು’ ಎಂಬ ಸಾಲಿನ ಕೆಳಗೆ ಏಳು ದಿನಗಳ ಕಾಲ ಇಡೀ ಕೇರಿಯು ಒಂದೇ ಪುಟದಲ್ಲಿ ನಿಂತಿರುತ್ತಿತ್ತು. ನಾಯಕಿಯು ಯಾರನ್ನು ಮದುವೆಯಾಗಬೇಕೆಂದು ನಲ್ಲಿಯ ಬಳಿ ತೀರ್ಮಾನವಾಗುತ್ತಿತ್ತು. ಸಿನಿಮಾ ಬಂದ ಮೇಲೆ ಓದುವವರ ಕಷ್ಟ ಇನ್ನೊಂದು. ತ್ರಿವೇಣಿಯವರು 1963ರಲ್ಲಿಯೇ ತೀರಿಕೊಂಡಿದ್ದರಿಂದ ತಮ್ಮ ‘ಶರಪಂಜರ’ ಕಾದಂಬರಿಯ ನಾಯಕಿ ಕಾವೇರಿಗೆ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರ ಮುಖ ಬಂದುದನ್ನು ಕಾಣಲಿಲ್ಲ, ಅನಂತರದ ಓದುಗರಿಗೆ ಬೇರೊಂದು ಮುಖವನ್ನು ಕಾಣುವ ಅವಕಾಶವೇ ಉಳಿಯಲಿಲ್ಲ.

ಮಧ್ಯೋಕ್ತಿಗಳ ಲಿಖಿತ ಆಕರಗಳು ಶಾಖಾ ಗ್ರಂಥಾಲಯಗಳ ಪುಸ್ತಕಗಳ ಅಂಚುಗಳಲ್ಲಿವೆ. ಮೊಹರುಗಳಿಂದ ನೇರಳೆಯಾದ ವಾಪಸಾತಿ ಚೀಟಿಯನ್ನು ದಾಟಿ ಒಳಹೊಕ್ಕರೆ, ಸಾಮಾಜಿಕ ಕಾದಂಬರಿಯೊಂದರ ನಡುಭಾಗದಲ್ಲಿ ಪೆನ್ಸಿಲಿನಿಂದ ‘ಇವಳಿಗೆ ಬುದ್ಧಿ ಇಲ್ಲ’ ಎಂದೂ, ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ನಿಮಗಿದೆಯೇ?’ ಎಂದೂ, ಅದರ ಪಕ್ಕದಲ್ಲಿ ಕೆಂಪು ಶಾಯಿಯ ದುಂಡಕ್ಷರದಲ್ಲಿ ‘ಸಾರ್ವಜನಿಕ ಪುಸ್ತಕದಲ್ಲಿ ಬರೆಯಬಾರದು’ ಎಂದೂ ಇರುವಂಥ ಮೂಲ, ಟೀಕೆ, ಪ್ರತಿಟೀಕೆಗಳು ದೊರೆಯುತ್ತವೆ. ಇವು ಸಾಮಾನ್ಯವಾಗಿ ಅರ್ಧದಾಚೆಗೆ ವಿರಳವಾಗುತ್ತ ಹೋಗುತ್ತವೆ. ಟೀಕಾಕಾರನು ಕಥೆಯಲ್ಲಿ ಮುಳುಗಿದನೋ ಪುಸ್ತಕವನ್ನೇ ಹಿಂದಿರುಗಿಸಿದನೋ ಎಂಬುದನ್ನು ಶಾಯಿಯಿಂದ ನಿರ್ಣಯಿಸಲಾಗದು. ಪುಟಗಳ ನಡುವೆ ಸಿಕ್ಕುವ ಬಸ್ ಟಿಕೆಟು, ಕರೆಂಟು ಬಿಲ್ಲು, ಲಗ್ನಪತ್ರಿಕೆಯ ಚೂರು ಮುಂತಾದವುಗಳನ್ನು ಗಡಿಕಲ್ಲುಗಳೆಂದು ಭಾವಿಸಿ ಅಧ್ಯಯನ ಮಾಡುವ ಕೆಲಸ ಇನ್ನೂ ಆಗಬೇಕಾಗಿದೆ. ಕೊನೆಯ ಪುಟವನ್ನು ಮೊದಲೇ ಇಣುಕಿ ನೋಡುವವರ ಬಗ್ಗೆ ಈ ಶಾಸ್ತ್ರಕ್ಕೆ ಹೆಚ್ಚಿನ ಆಸಕ್ತಿಯಿಲ್ಲ. ಬಾಡಿಗೆ ಪುಸ್ತಕದಂಗಡಿಯ ಪತ್ತೇದಾರಿ ಕಾದಂಬರಿಗಳಿಂದ ಕೊನೆಯ ಹಾಳೆಯನ್ನು ಹರಿದಿಟ್ಟುಕೊಂಡವರು ಅಂಥವರಿಗೆ ತಕ್ಕ ಶಾಸ್ತಿ ಮಾಡಿದ್ದಾರೆ.

ಉಳಿದಿರುವುದು ಎರವಲಿನ ಪ್ರಶ್ನೆ. ಪುಸ್ತಕ ಕೊಟ್ಟವರು ಕೇಳಿದಾಗಲೆಲ್ಲ ‘ಇನ್ನೊಂದು ನೂರು ಪುಟ ಇದೆ ಸಾರ್’ ಎಂದು ಹೇಳುವುದು ಮಧ್ಯೋಕ್ತಿಗಳಲ್ಲಿ ಅತ್ಯಂತ ಪ್ರಚಲಿತವಾದುದು. ಇದರ ವೈಶಿಷ್ಟ್ಯವೆಂದರೆ ವರ್ಷಗಳು ಉರುಳಿದರೂ ಆ ನೂರು ಕಡಿಮೆಯಾಗುವುದಿಲ್ಲ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಪರರ ಸ್ಥಿರಾಸ್ತಿಯನ್ನು 12 ವರ್ಷ ಪ್ರತಿಕೂಲ ಸ್ವಾಧೀನದಲ್ಲಿ, ಎಂದರೆ ಒಡೆಯನ ಹಕ್ಕಿಗೆ ವಿರುದ್ಧವಾಗಿ ಬಹಿರಂಗವಾಗಿ, ಇಟ್ಟುಕೊಂಡರೆ ಒಡೆಯನು ಅದನ್ನು ಬಿಡಿಸಿಕೊಳ್ಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಪುಸ್ತಕವು ಚರಾಸ್ತಿಯಾದ್ದರಿಂದ ಈ ನಿಯಮ ಅನ್ವಯಿಸದೆಂಬುದು ಕೊಟ್ಟವರ ವಾದ. ಎರವಲು ಹೋದ ಪುಸ್ತಕವು ಹೋದ ಮನೆಯ ಬೀರುವಿನಿಂದ ಕದಲಿದ್ದನ್ನು ಕಂಡವರಿಲ್ಲದಿರುವುದರಿಂದ ಅದನ್ನು ಸ್ಥಿರಾಸ್ತಿಯೆಂದೇ ಪರಿಗಣಿಸಬೇಕೆಂಬುದು ಅರ್ಧಪಾಠಿಗಳ ವಾದ.