ಬೈಗುಳ ತಿನ್ನುವ ಬ್ಯಾಟರಿ

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೊ, ಟ್ರ್ಯಾಕ್ಟರು ಹತ್ತುವ ಹಾಗಿಲ್ಲ ಅಂತ ಆಯಿತಲ್ಲ, ಅವತ್ತಿನಿಂದ ಚನ್ನಪಟ್ಟಣದ ಸುತ್ತಿನ ಊರುಗಳಿಗೆ ಪುಕ್ಕಟೆ ಮನರಂಜನೆಯೊಂದು ಕೂಡಿಬಂದಿದೆ. ಕಾರಿನವರು ಮೇಲೆ ಮೇಲೆ ದಾಟಿಹೋಗುತ್ತಾರೆ. ಅವರಿಗೆ ನಮ್ಮ ಗೊಂಬೆಯೂ ಕಾಣುವುದಿಲ್ಲ, ನಾವೂ ಕಾಣುವುದಿಲ್ಲ. ಬೈಕಿನವರು ಮಾತ್ರ ಸರ್ವೀಸ್ ರಸ್ತೆಯಲ್ಲೋ, ಬಿಡದಿ, ರಾಮನಗರ, ಕೆಂಗಲ್ಲು ಅಂತ ಹಳೇ ರಸ್ತೆ ಹಿಡಿದೋ ಬರಬೇಕು. ಅಷ್ಟು ಗಾಡಿ ಬಂದ ಮೇಲೆ ಒಂದೆರಡು ಕೆಡಲೇಬೇಕು. ಕೆಟ್ಟ ಮೇಲೆ ನೆರಳು ಹುಡುಕಿಕೊಂಡು ನಮ್ಮ ಬೈರಾಪಟ್ಟಣದ ಕಡೆಗೂ ತಳ್ಳಿಕೊಂಡು ಬರುವುದುಂಟು. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಬಂದಷ್ಟು ಸಲೀಸಾಗಿ ಬೆಂಗಳೂರಿನ ಮೆಕ್ಯಾನಿಕ್ಕು ಇಲ್ಲಿಗೆ ಬರುವುದಿಲ್ಲ.

ಕೆಟ್ಟು ನಿಂತವರಲ್ಲಿ ಪಂಕ್ಚರ್ ಆದವನಿಂದ ಹರಟೆಗೆ ಏನೂ ಗಿಟ್ಟುವುದಿಲ್ಲ. ಮೊಳೆ ಕಾಣುತ್ತದೆ, ಅಂಗಡಿ ತೋರಿಸಿದರೆ ಮುಗಿಯಿತು. ಪೆಟ್ರೋಲ್ ಮುಗಿದವನು ನಾಚಿಕೆಗೆ ತಲೆ ಎತ್ತುವುದಿಲ್ಲ. ಆದರೆ ಬ್ಯಾಟರಿ ಕೈಕೊಟ್ಟವನು ಬಂದನೆಂದರೆ ಊರಿಗೆ ಊರೇ ಬಾಯಿ ತೆರೆಯುತ್ತದೆ. ಒಬ್ಬ ‘ಸೆಕೆಂಡ್ ಗೇರಿಗೆ ಹಾಕಿ ತಳ್ಳು’ ಅನ್ನುತ್ತಾನೆ. ಇನ್ನೊಬ್ಬ ‘ಪ್ಲಗ್ ಬಿಚ್ಚು’ ಅನ್ನುತ್ತಾನೆ. ಮೂರನೆಯವನು ಡಿಸ್ಟಿಲ್ಡ್ ವಾಟರ್ ಹಾಕಿಸು ಅನ್ನುತ್ತಾನೆ, ಈಗಿನ ಸೀಲ್ ಮಾಡಿದ ಬ್ಯಾಟರಿಗೆ ನೀರು ಹುಯ್ಯಲು ತೂತೇ ಇಲ್ಲ ಅನ್ನುವುದು ಅವನಿಗೆ ಬೇಕಿಲ್ಲ. ಎಲ್ಲರೂ ಸೇರಿ ಬೈಯುವುದು ಮಾತ್ರ ಬ್ಯಾಟರಿಯನ್ನೇ.

ಬೈಯದವರು ಒಬ್ಬರಿದ್ದಾರೆ. ನಮ್ಮ ದಾಸವಾಳದ ಬೇಲಿಯ ಆಚೆ ಇರುವ ಅಣ್ಣ. ವಯಸ್ಸಿನಲ್ಲಿ ಚನ್ನಪಟ್ಟಣದ ಕಾರ್ಖಾನೆಯಲ್ಲಿ ಆಲೆ ಮರದ ಗೊಂಬೆ ಕಡೆದವರು. ಲೇತಿನ ಸದ್ದಿನಲ್ಲೇ ಬೆಲ್ಟು ಸಡಿಲವೋ ಬೇರಿಂಗು ಸವೆದಿದೆಯೋ ಹೇಳುತ್ತಿದ್ದ ಕಿವಿ ಅದು. ಗೊಂಬೆ ಬಿಟ್ಟರೆ ಅವರ ಪ್ರಾಣ ಜಾವಾ ಬೈಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದ ಮಾತು. 1960ರ ದಶಕದ ಶುರುವಿನಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಆ ಗಾಡಿಗಳಿಗೆ ಈ ರಸ್ತೆ ತವರಿನ ಹಾದಿ.

ಮೊನ್ನೆ ಬಂದವನು ಗದಗಿನ ಕಡೆಯ ಹುಡುಗ. ವಯನಾಡು ಸುತ್ತಿ ಬೆಂಗಳೂರಿನ ಅಕ್ಕನ ಮನೆಗೆ ಹೊರಟಿದ್ದನಂತೆ. ಹಿಂದೆ ಎರಡು ಚೀಲ, ಮುಂದೆ ಎರಡು ಫಾಗ್ ಲೈಟು, ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜರು. ಬೆವರೊರೆಸಿಕೊಳ್ಳುತ್ತ ಶುರುಮಾಡಿದ.

‘ಹೊಸಾ ಬ್ಯಾಟರಿ ಐತ್ರಿ ಕಾಕಾರ. ಮುಂಜಾನೆ ಮಂಡ್ಯದಾಗ ಹಾಕ್ಸೇನ್ರಿ. ಮದ್ದೂರು ದಾಟೂದ್ರಾಗ ಹಾರ್ನ್ ದನಿನ ಹೋತು. ಇಲ್ಲಿ ಬರೂದ್ರಾಗ ಸತ್ತ ನಿಂತೈತಿ. ಅಂಗಡ್ಯಾಂವ ಡೂಪ್ಲಿಕೇಟ್ ಕೊಟ್ಟಾನ್ರಿ.’

‘ಅಂಗಡಿಯವ್ನ ಆಮೇಕ್ ಬಯ್ಯವಂತೆ, ಮೊದ್ಲು ನೀರ್ ಕುಡಿ ಮಗ’ ಅಂದರು ಅಣ್ಣ. ಆಮೇಲೆ ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ನಿಮ್ ಮೀಟ್ರು ತತ್ತೀರಾ?’

ಸೈನ್ಸ್ ಮೇಷ್ಟರಾಗಿದ್ದವನ ಮನೆಯಲ್ಲಿ ಒಂದು ಮಲ್ಟಿಮೀಟರ್ ಇರುವುದು ಬೀದಿಗೆಲ್ಲ ಗೊತ್ತು. ಹೋಗಿ ತಂದೆ. ಅಣ್ಣ ಮೊದಲು ಮಾಡಿದ್ದು ಕೀ ತಿರುಗಿಸಿ ಕಿವಿ ಕೊಟ್ಟದ್ದು. ಈಗಿನ ಗಾಡಿಗೆ ಕೀ ಹಾಕಿದರೆ ಟ್ಯಾಂಕಿನೊಳಗಿನ ಪಂಪು ಎರಡು ಕ್ಷಣ ‘ಜುಯ್’ ಅನ್ನಬೇಕು. ಅನ್ನಲಿಲ್ಲ. ಅಷ್ಟರಲ್ಲಿ ತಳ್ಳಲು ನಿಂತಿದ್ದ ಹುಡುಗರನ್ನು ಅವರೇ ತಡೆದರು.

‘ಎಲ್ಲಿಗ್ ತಳ್ಳೀರ್ಲಾ? ಪಂಪೇ ಕೂಗ್ತಿಲ್ಲ. ಕೆಂಗಲ್ ಅನುಮಂತ್ರಾಯನ ಗುಡೀ ಗಂಟ ತಳ್ಳುದ್ರೂ ಕೈ ಮುಕ್ಕಂಡು ಬರಬೇಕು ಅಷ್ಟೇಯ.’

ನಿಜ. ಕಾರ್ಬ್ಯುರೇಟರ್ ಇದ್ದಾಗ ಪೆಟ್ರೋಲು ತಾನಾಗಿ ಇಳಿಯುತ್ತಿತ್ತು, ತಳ್ಳಿದರೆ ಹೇಗೋ ಹತ್ತುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಷನ್. ಪಂಪಿಗೂ ಕರೆಂಟು ಬೇಕು, ಎಷ್ಟು ಪೆಟ್ರೋಲು ಚಿಮ್ಮಬೇಕು ಅಂತ ಲೆಕ್ಕ ಹಾಕುವ ಪೆಟ್ಟಿಗೆಗೂ ಕರೆಂಟು ಬೇಕು. ಬ್ಯಾಟರಿಯಲ್ಲಿ ಒಂದಿಷ್ಟಾದರೂ ಜೀವ ಇದ್ದರೆ ತಳ್ಳಿದ್ದಕ್ಕೆ ಫಲ, ಪೂರ್ತಿ ಇಳಿದಿದ್ದರೆ ಬರೀ ಬೆವರು. ಕಿಕ್ಕರ್ ಕೂಡ ಬಹಳ ಗಾಡಿಗಳಲ್ಲಿ ಕಾಣೆ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಬಂದಾಗ ಅಣ್ಣ ಆಸೆಯಿಂದ ನೋಡಲು ಹೋಗಿ, ಕಿಕ್ಕರ್ ಇಲ್ಲ ಅಂತ ಕೈಯಾಡಿಸಿ ಬಂದಿದ್ದರು.

ಮೀಟರ್ ಇಟ್ಟೆ. ಹತ್ತೂವರೆ ವೋಲ್ಟು. ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗ 12.6ರ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದರೇ ಬಹುಪಾಲು ಖಾಲಿ.

‘ನೋಡ್ರಿ, ನಾ ಹೇಳ್ಲಿಲ್ಲ? ಬ್ಯಾಟರಿನ ಹೋಗೇತಿ’ ಅಂದ ಹುಡುಗ.

‘ಅಂಗಲ್ಲ ಕಣಪ್ಪ. ಬ್ಯಾಟ್ರಿ ಅಂದ್ರೆ ರಾಗಿ ಕಣಜ. ನೀನು ಕಣಜ ಒಸಾದು ಮಾಡ್ಸಿದೀಯ. ಒಲದಿಂದ ರಾಗಿ ಬತ್ತೈತಾ ಅಂತ ನೋಡುದ್ಯಾ?’

ಇಡೀ ವಿಷಯ ಇಷ್ಟೇ. ಬ್ಯಾಟರಿ ಕರೆಂಟನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಇಂಜಿನ್ನಿನ ಪಕ್ಕದಲ್ಲಿ, ಆಯಸ್ಕಾಂತ ಸುತ್ತುವ ಕಡೆ ಇರುವ ಕಾಯಿಲ್. ಅಲ್ಲಿ ಹುಟ್ಟುವುದು ಎಸಿ. ಅದನ್ನು ಡಿಸಿ ಮಾಡಿ, ಹದಿನಾಲ್ಕು ವೋಲ್ಟಿನ ಅಂದಾಜಿಗೆ ಕಟ್ಟಿಹಾಕಿ ಕಳಿಸುವುದು ರೆಗ್ಯುಲೇಟರು. ಮೆಕ್ಯಾನಿಕ್ಕರ ಬಾಯಲ್ಲಿ ‘ಆರ್‌ಆರ್ ಯೂನಿಟ್’. ಕಾಯಿಲ್ ಸುಟ್ಟರೂ, ರೆಗ್ಯುಲೇಟರ್ ಹೋದರೂ, ನಡುವಿನ ವೈರು ಬಿಟ್ಟರೂ ಗಾಡಿ ಆ ಕ್ಷಣಕ್ಕೆ ನಿಲ್ಲುವುದಿಲ್ಲ. ಇದ್ದದ್ದನ್ನು ತಿಂದುಕೊಂಡು ಒಂದಷ್ಟು ದೂರ ಓಡಿ, ಬ್ಯಾಟರಿಯನ್ನು ಬರಿದು ಮಾಡಿ ನಿಲ್ಲುತ್ತದೆ. ನಿಂತಾಗ ಕಾಣುವುದು ಬರಿದಾದ ಬ್ಯಾಟರಿ, ಹಾಗಾಗಿ ಬೈಗುಳವೂ ಅದಕ್ಕೇ. ಜೊತೆಗೆ, ರಸ್ತೆ ಬದಿಯ ಅಂಗಡಿಯಲ್ಲಿ ತಕ್ಷಣ ಸಿಗುವ ಸಾಮಾನು ಬ್ಯಾಟರಿ ಒಂದೇ. ಸಿಗುವುದನ್ನೇ ರೋಗ ಅಂತ ತಿಳಿಯುವುದು ನಮ್ಮೆಲ್ಲರ ಅಭ್ಯಾಸ.

ಮಂಡ್ಯದಿಂದ ಇಲ್ಲಿಗೆ ನಲವತ್ತು ಕಿಲೋಮೀಟರ್. ಹುಡುಗನ ಬ್ಯಾಟರಿ 8 ಆಂಪಿಯರ್ ಅವರಿನದು. ಹೆಡ್‌ಲೈಟಿನ 55 ವ್ಯಾಟ್ ಬಲ್ಬು ಒಂದೇ ನಾಲ್ಕೂವರೆ ಆಂಪಿಯರ್ ಕುಡಿಯುತ್ತದೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಹಗಲಲ್ಲೂ ಉರಿಯಬೇಕು. ಪಂಪು, ಪ್ಲಗ್ಗಿನ ಕಿಡಿ, ಮೊಬೈಲ್ ಚಾರ್ಜರು ಎಲ್ಲ ಸೇರಿದರೆ ಆ ಬ್ಯಾಟರಿ ಒಂದು ಗಂಟೆ ತಡೆಯುವುದೇ ಹೆಚ್ಚು. ಅದು ನಲವತ್ತು ಕಿಲೋಮೀಟರ್ ಎಳೆದು ತಂದಿದೆ. ಡೂಪ್ಲಿಕೇಟ್ ಅನ್ನುವುದು ಯಾವ ನ್ಯಾಯ?

ಈ ಲೆಕ್ಕ ಗೊತ್ತಿದ್ದರೆ ದೂರದಲ್ಲಿ ಕೆಟ್ಟಾಗ ಒಂದು ಉಪಾಯವೂ ಉಂಟು. ಚಾರ್ಜ್ ಆಗುತ್ತಿಲ್ಲ ಅಂತ ಖಾತ್ರಿಯಾದರೆ, ಹಗಲಾಗಿದ್ದರೆ, ಹೆಡ್‌ಲೈಟಿನ ಸಾಕೆಟ್ ಬಿಚ್ಚಿ, ಫಾಗ್ ಲೈಟು, ಚಾರ್ಜರು ಎಲ್ಲ ಕಿತ್ತು, ಮುಂದಿನ ಊರಿನವರೆಗೆ ಇಂಜಿನ್ ಆರಿಸದೆ ಹೋಗುವುದು. ತುಂಬಿದ ಬ್ಯಾಟರಿ ಹೆಚ್ಚುಕಮ್ಮಿ ಎರಡರಷ್ಟು ದೂರ ಕೊಡುತ್ತದೆ. ಕತ್ತಲಾದ ಮೇಲೆ ಈ ಸಾಹಸ ಬೇಡ. ಯಾರದಾದರೂ ಜಗಲಿ ಕೇಳಿ ಮಲಗುವುದು ವಾಸಿ.

ಎದುರು ಮನೆಯ ಟ್ರ್ಯಾಕ್ಟರು ಮನೆ ಮುಂದೇ ನಿಂತಿತ್ತು. ಅದರ ಬ್ಯಾಟರಿಯಿಂದ ಕೊಡೋಣ ಅಂದಾಗ ಹುಡುಗ ಬೆಚ್ಚಿದ. ‘ಅಷ್ಟ್ ದೊಡ್ಡ ಬ್ಯಾಟರಿ, ನಮ್ ಗಾಡಿ ಸುಟ್ಟ ಹೋಗ್ತೈತಲ್ರಿ?’ ಸುಡುವುದಿಲ್ಲ. ಅದೂ 12 ವೋಲ್ಟು, ಇದೂ 12 ವೋಲ್ಟು. ಕೊಡ ದೊಡ್ಡದಾದರೂ ಕುಡಿಯುವವನು ಬಾಯಾರಿದಷ್ಟೇ ಕುಡಿಯುತ್ತಾನೆ. ಟ್ರ್ಯಾಕ್ಟರಿನ ಇಂಜಿನ್ ಆರಿಸಿರಬೇಕು, ಕೆಂಪಿಗೆ ಕೆಂಪು ಮೊದಲು, ಆಮೇಲೆ ಕಪ್ಪು ವೈರಿನ ಕೊನೆಯನ್ನು ಬೈಕಿನ ಇಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು, ಅಷ್ಟೇ. ಸೆಲ್ಫ್ ಒತ್ತಿದ, ಹತ್ತಿತು. ಗುಂಪಿನಲ್ಲಿದ್ದ ಒಬ್ಬ ಜಾಣ ‘ಈಗ ಬ್ಯಾಟರಿ ವೈರ್ ಕಿತ್ತು ನೋಡಿ, ಓಡಿದರೆ ಚಾರ್ಜಿಂಗ್ ಸರಿ ಇದೆ ಅಂತ’ ಅಂದ. ಅದು ಹಳೇ ಕಾಲದ ಪರೀಕ್ಷೆ. ಈಗಿನ ಗಾಡಿಯಲ್ಲಿ ಇಂಜಿನ್ ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜು ನೆಗೆದು ಲೆಕ್ಕದ ಪೆಟ್ಟಿಗೆಯನ್ನೇ ಸುಟ್ಟೀತು. ಅದರ ಬೆಲೆಗೆ ಎಷ್ಟೋ ಬ್ಯಾಟರಿ ಬರುತ್ತವೆ.

ಟ್ರ್ಯಾಕ್ಟರಿನ ವೈರು ತೆಗೆದು ಮೀಟರ್ ಹಿಡಿದೆ. ರೇಸ್ ಕೊಟ್ಟರೆ 14ರ ಹತ್ತಿರ ಏರಬೇಕಿತ್ತು. ಏರುವುದಿರಲಿ, ನೋಡನೋಡುತ್ತ 11.9ರಿಂದ 11.7ಕ್ಕೆ ಜಾರಿತು. 15 ದಾಟಿದ್ದರೆ ಅದು ಬೇರೆ ಕಾಯಿಲೆ. ರೆಗ್ಯುಲೇಟರ್ ಲಂಗುಲಗಾಮಿಲ್ಲದೆ ತುಂಬಿ ಬ್ಯಾಟರಿಯನ್ನು ಕುದಿಸುತ್ತದೆ.

‘ಒಲ ಬಂಜರು’ ಅಂದರು ಅಣ್ಣ, ಖುಷಿಯಿಂದ.

ಸೈಡ್ ಪ್ಯಾನೆಲ್ ತೆಗೆಸಿದರು. ಅವರು ಹುಡುಕಿದ್ದು ಕಾಯಿಲ್ಲನ್ನಲ್ಲ, ರೆಗ್ಯುಲೇಟರನ್ನೂ ಅಲ್ಲ. ಇಂಜಿನ್ನಿನಿಂದ ಮೇಲೆ ಬರುವ ಮೂರು ಹಳದಿ ವೈರು ಸೇರುವ ಬಿಳಿ ಪ್ಲಾಸ್ಟಿಕ್ ಜಾಯಿಂಟನ್ನು. ಸಿಕ್ಕಿತು. ಬಿಳಿ ಅಲ್ಲ, ಕಾಫಿ ಬಣ್ಣ. ಒಂದು ಮೂಲೆ ಕರಗಿ, ಒಳಗಿನ ಹಿತ್ತಾಳೆ ಪಿನ್ನು ಪ್ಲಾಸ್ಟಿಕ್ಕಿನಲ್ಲಿ ಹೂತು, ಪಕ್ಕದ ಹಳದಿ ವೈರು ಒಂದು ಬೆರಳುದ್ದ ಕಪ್ಪಾಗಿ ಗರಿಗರಿ ಆಗಿತ್ತು. ಮೂಸಿದರೆ ಸುಟ್ಟ ವಾಸನೆ. ಪಿನ್ನು ಚೂರು ಸಡಿಲವಾದರೆ ಅಲ್ಲಿ ಕಾವು. ಕಾವಿಗೆ ಇನ್ನೂ ಸಡಿಲ, ಸಡಿಲಕ್ಕೆ ಇನ್ನೂ ಕಾವು. ಕೊನೆಗೆ ಇದು. ಮಳೆಯ ನೀರು, ವಯನಾಡಿನ ಕೆಸರು ಒಳಗೆ ಹೊಕ್ಕರೆ ಇನ್ನೂ ಬೇಗ.

ಇಂಜಿನ್ ಆರಿಸಿ ಜಾಯಿಂಟನ್ನೇ ಕತ್ತರಿಸಿ ಎಸೆದರು. ಸೇರಿಸುವ ಮುಂಚೆ ನನ್ನ ಮೀಟರಿಗೆ ಇನ್ನೊಂದು ಕೆಲಸ. ಕಾಯಿಲ್ಲಿನ ಯಾವ ಹಳದಿ ವೈರಿಗೂ ಗಾಡಿಯ ಬಾಡಿಗೂ ಸಂಪರ್ಕ ಇರಬಾರದು. ಇರಲಿಲ್ಲ. ಟ್ರ್ಯಾಕ್ಟರಿನ ದಯದಿಂದ ಮತ್ತೆ ಸ್ಟಾರ್ಟ್ ಮಾಡಿ ಎರಡೆರಡೇ ವೈರುಗಳ ನಡುವೆ ಎಸಿ ನೋಡಿದರೆ ಮೂರು ಜೋಡಿಯೂ ಒಂದೇ ಸಮ ಏರಿದವು. ಕಾಯಿಲ್ ಗಟ್ಟಿಮುಟ್ಟು. ಆರಿಸಿ, ವೈರಿನ ಸಿಪ್ಪೆ ಸುಲಿದು, ಹೆಣೆಯಲು ಕೂತರು.

‘ಮೂರೂ ಹಳದಿನ ಅದಾವಲ್ರಿ ಕಾಕಾರ, ಯಾವ್ದು ಯಾವ್ದಕ್ಕ?’

‘ಯಾವ್ದು ಯಾವ್ದುಕ್ಕಾದ್ರೂ ಆಕು. ಅದುಕ್ಕೇ ಮೂರಕ್ಕೂ ಒಂದೇ ಬಣ್ಣ ಬಳ್ದಿರಾದು.’

ಒಂದೊಂದಕ್ಕೂ ಬೇರೆ ಬೇರೆ ಟೇಪು ಸುತ್ತಿ, ಇಂಜಿನ್ನಿಗೆ ತಾಗದ ಹಾಗೆ ಕಟ್ಟಿದರು. ಸ್ಟಾರ್ಟ್ ಆಯಿತು. ಮೀಟರ್ 12.4, 13.1, ರೇಸ್ ಕೊಟ್ಟಾಗ 13.9. ತಳ್ಳಲು ಬಂದಿದ್ದ ಹುಡುಗರು ನಿರಾಸೆಯಿಂದ ಚದುರಿದರು.

ಆಮೇಲೆ ಅಣ್ಣನ ಜಾವಾ ಪುರಾಣ ತಪ್ಪುವುದುಂಟೆ? ಅವರ ಗಾಡಿ 6 ವೋಲ್ಟಿನದು. ಹೆಡ್‌ಲೈಟ್ ಹಾಕಿದರೆ ಎದುರಿನವರಿಗೆ ನಾವು ಕಾಣುತ್ತಿದ್ದೆವೇ ಹೊರತು ನಮಗೆ ರಸ್ತೆ ಕಾಣುತ್ತಿರಲಿಲ್ಲ ಅಂತ ಅವರೇ ಹೇಳುತ್ತಾರೆ. ಆದರೆ ಮುಖದ ಮೇಲೆ ಒಂದು ಕೆಂಪು ದೀಪವಿತ್ತು. ಡೈನಮೊ ಚಾರ್ಜ್ ಕೊಡುತ್ತಿದ್ದರೆ ಆರುತ್ತಿತ್ತು, ಕೊಡದಿದ್ದರೆ ಹತ್ತುತ್ತಿತ್ತು. ದಾರಿಯಲ್ಲಿ ಹತ್ತಿತೋ, ಜೇಬಿನಿಂದ ಕಾರ್ಬನ್ ಬ್ರಶ್ ತೆಗೆದು ಹಾಕುವುದು. ಬ್ಯಾಟರಿ ಪೂರ್ತಿ ಇಳಿದಾಗ ತಳ್ಳಿ ಹತ್ತಿಸಲು ಆ ಮೊಳೆಯಂಥ ಕೀಗೆ ಬೇರೆಯದೇ ಒಂದು ಜಾಗ ಇಟ್ಟಿದ್ದರು. ಕೆಡುತ್ತದೆ ಅಂತ ಒಪ್ಪಿಕೊಂಡು ಕಟ್ಟಿದ ಗಾಡಿ ಅದು. ಈಗಿನವು ಅಷ್ಟು ಕೆಡುವುದಿಲ್ಲ, ಆದ್ದರಿಂದ ಎಷ್ಟೋ ಗಾಡಿಗಳಲ್ಲಿ ಆ ಕೆಂಪು ದೀಪವೂ ಇಲ್ಲ. ಹಾರ್ನು ಕೀರಲಾಗುವವರೆಗೆ ಸವಾರನಿಗೆ ಸುಳಿವೇ ಸಿಗುವುದಿಲ್ಲ. ದೂರ ಹೋಗುವವರು ಒಂದು ಚಿಕ್ಕ ವೋಲ್ಟ್ ಮೀಟರ್ ಹ್ಯಾಂಡಲ್ಲಿಗೆ ಕೂರಿಸಿಕೊಂಡರೆ ಫಾಗ್ ಲೈಟಿಗಿಂತ ಹೆಚ್ಚು ಉಪಯೋಗ. ಜೊತೆಗೆ ಹತ್ತನೇ ನಂಬರ್ ಸ್ಪ್ಯಾನರು, ಟೇಪು, ಮೊಳದುದ್ದ ವೈರು, ಎರಡು ಫ್ಯೂಸು. ಎಷ್ಟೋ ಸಲ ಬ್ಯಾಟರಿಯ ನಟ್ಟು ಬಿಗಿ ಮಾಡುವುದರಲ್ಲೇ ಕಥೆ ಮುಗಿಯುತ್ತದೆ.

ಹುಡುಗ ದುಡ್ಡು ಕೊಡಲು ಬಂದ. ಅಣ್ಣ ಮುಟ್ಟಲಿಲ್ಲ. ‘ಬೆಂಗ್ಳೂರ್ನಾಗೆ ಬೆಸುಗೆ ಆಕ್ಸಿ ಸರಿಯಾಗಿ ಜಾಯಿಂಟ್ ಮಾಡ್ಸು, ಇದು ಗದಗದ ಗಂಟ ಅಲ್ಲ’ ಅಂದು, ‘ಅದ್ಸರಿ, ಅಳೇ ಬ್ಯಾಟ್ರಿ ಎಲ್ಲಿ?’ ಅಂತ ಕೇಳಿದರು.

‘ಅಂಗಡ್ಯಾಂವ ಇಟಗೊಂಡಾನ್ರಿ. ಹಳೇದಕ್ಕ ಅಂತ ರೊಕ್ಕಾ ಕಡಿಮಿ ಮಾಡಿದ್ರಿ.’

ಹಳೇ ಬ್ಯಾಟರಿ ಸೀಸದ ಗಂಟು. ಅದನ್ನು ಕಸಕ್ಕೆ ಎಸೆಯದೆ ಅಂಗಡಿಗೇ ಕೊಡಬೇಕು ಅನ್ನುವುದು ಸರಿಯೇ. ಆದರೆ ಒಂದು ರಾತ್ರಿ ಚಾರ್ಜಿಗೆ ಹಾಕಿದ್ದರೆ ಎದ್ದು ಕೂರುತ್ತಿದ್ದದ್ದು ಗುಜರಿಗೆ ಹೋಯಿತಲ್ಲ ಅಂತ ಅಣ್ಣನಿಗೆ ಸಂಕಟ. ‘ತಪ್ಪು ಮಾಡ್ದೋರ್ ಯಾರೋ, ಜೈಲಿಗೋದೋರ್ ಯಾರೋ. ಜನುಕ್ಕೆ ತಾಳ್ಮೆನೇ ಇಲ್ಲ ಮೇಷ್ಟ್ರೇ, ಏನ್ ಕೆಟ್ಟೈತೆ ಅಂತ ನೋಡೋ ಮುಂಚೇನೇ ದುಡ್ಡು ಸುರೀತಾರೆ’ ಅಂತ ಭಾಷಣಕ್ಕೆ ಶುರುವಿಟ್ಟರು.

ಒಳಗಿನಿಂದ ಅತ್ತಿಗೆಯ ದನಿ ಬಂತು. ‘ಓದ್ ಬೇಸ್ಗೇಲಿ ಸ್ಟಾರ್ಟರ್ ವೈರ್ ಬಿಟ್ಕೊಂಡಿದ್ಕೆ ಬೋರಿಂದ ಮೋಟ್ರು ಎತ್ಸಿ ವೈಂಡಿಂಗಿಗ್ ಆಕ್ಸುದ್ರಲ್ಲ, ಅದ್ನೂ ಯೋಳಿ ಮೇಷ್ಟ್ರಿಗೆ.’

‘ಅದು ಬ್ಯಾರೆ ಇಸ್ಯ ಕಣೇ, ಅದು ತ್ರೀ ಫೇಸು’ ಅಂದರು ಅಣ್ಣ. ನಾನು ಮೀಟರನ್ನು ಚೀಲಕ್ಕೆ ಹಾಕಲಿಲ್ಲ. ಮೋಟರಿನ ಕಥೆಯಲ್ಲೂ ಅದಕ್ಕೆ ಕೆಲಸ ಬೀಳುವ ಹಾಗೆ ಕಂಡಿತು.