ಗುಬ್ಬಿ ಸಂಸಾರಕ್ಕೆ ಮಾತ್ರ

ನಮ್ಮ ಅಪಾರ್ಟ್‌ಮೆಂಟಿನ ರಾಯರು ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನದಂದು ತೋಟದ ಕಡೆಯ ಬಾಲ್ಕನಿಗೆ ಮರದ ಗೂಡೊಂದನ್ನು ತಗುಲಿಹಾಕಿದರು. ಹಸಿರು ಬಣ್ಣ, ಇಳಿಜಾರು ಸೂರು, ಹಕ್ಕಿ ಕೂತು ಫೋಟೊಗೆ ಪೋಸು ಕೊಡಲೆಂದು ಬಾಗಿಲ ಕೆಳಗೊಂದು ಕಡ್ಡಿ. ಮೊಳೆ ಹೊಡೆದಾಗ ತಕರಾರು ತೆಗೆದ ಅಸೋಸಿಯೇಷನ್ನು, ಗ್ರೂಪಿಗೆ ಸೆಲ್ಫಿ ಬಿದ್ದ ಮೇಲೆ ಚಪ್ಪಾಳೆ ತಟ್ಟಿತು. ಬೋರ್ಡು ಬರೆಸಿರಲಿಲ್ಲ, ಷರತ್ತು ಮಾತ್ರ ಎಲ್ಲರಿಗೂ ಗೊತ್ತಿತ್ತು: ಗುಬ್ಬಿ ಸಂಸಾರಕ್ಕೆ ಮಾತ್ರ.

ಬೆಂಗಳೂರಿನಲ್ಲಿ ಖಾಲಿ ಮನೆ ಎಂದರೆ ಸುಮ್ಮನೆಯೇ? ಮೊದಲು ಇಣುಕಿದ್ದು ಗುಬ್ಬಿ ದಂಪತಿಯೇ. ಎರಡು ದಿನ ಹುಲ್ಲು, ಪೊರಕೆ ಕಡ್ಡಿ ಸಾಗಿಸಿದವು. ಮೂರನೇ ದಿನ ಗೊರವಂಕ ಬಂತು. ಹಳದಿ ಕಾಲು, ಕಣ್ಣಿನ ಸುತ್ತ ಹಳದಿ, ನಡಿಗೆಯಲ್ಲಿ ಸೈಟ್ ಬ್ರೋಕರನ ಗತ್ತು. ಗುಬ್ಬಿ ತಂದ ಹುಲ್ಲನ್ನು ಒಂದೊಂದೇ ಎಳೆದು ಕೆಳಗೆ ನಿಂತ ಕಾರಿನ ಮೇಲೆ ಎಸೆಯಿತು. ಅಡ್ವಾನ್ಸೂ ಇಲ್ಲ, ಅಗ್ರಿಮೆಂಟೂ ಇಲ್ಲ. ಮಡಿವಾಳ ಹಕ್ಕಿಯೊಂದು ಕಂಬಿಯ ಮೇಲೆ ಕೂತು ಹಾಡಿ ನೋಡಿತು. ಕಲಾವಿದರಿಗೆ ಮನೆ ಕೊಡುವವರು ಯಾರು?

"ರೌಡಿ ಕಣ್ರೀ ಇದು! ಆಸ್ಟ್ರೇಲಿಯಾದವರಿಗೇ ಇದರ ಕಾಟ ತಡೆಯೋಕಾಗ್ತಿಲ್ಲವಂತೆ," ಎಂದು ರಾಯರು ಕೋಲು ಹಿಡಿದರು. ಕಾಟ ನಿಜ. ಆದರೆ 1862ರಲ್ಲಿ ಗೊರವಂಕ ಮೆಲ್ಬರ್ನಿಗೆ ತಾನಾಗಿ ಹಾರಿಹೋಗಲಿಲ್ಲ. ಬೆಳೆಯ ಹುಳ ತಿನ್ನಲಿ ಎಂದು ಮನುಷ್ಯರೇ ಒಯ್ದರು. ಈಗ ಅಲ್ಲಿನ ಗಿಳಿಗಳ ಪೊಟರೆ ಕಸಿಯುತ್ತದೆಂದು ಅದರ ಮೇಲೇ ಕೇಸು. ನಮ್ಮೂರಲ್ಲಂತೂ ಅದು ಮೂಲನಿವಾಸಿ. ಆಮೇಲೆ ಬಂದವರು ನಾವು.

ತಪ್ಪು ಬಾಗಿಲಿನದು. ಗುಬ್ಬಿಗೆ ಒಂದೂಕಾಲು ಅಂಗುಲದ, ಅಂದರೆ 32 ಮಿಲಿಮೀಟರಿನ ತೂತು ಸಾಕು. ಗೊರವಂಕ ಅದರಲ್ಲಿ ತೂರಲಾರದು. ರಾಯರ ಗೂಡಿನಲ್ಲಿ ನಿಂಬೆಹಣ್ಣಲ್ಲ, ಮೂಸಂಬಿಯೇ ಹೋಗುತ್ತದೆ. ಆ ಪೋಸಿನ ಕಡ್ಡಿಯೂ ಗುಬ್ಬಿಗೆ ಬೇಡ. ಕಾಗೆಗೆ ಕೂತು ಕೊಕ್ಕು ಹಾಕಲು ಅದು ಜಗಲಿ.

ಇನ್ನು ಊಟದ ಮಾತು. ಗುಬ್ಬಿ ಕಾಳು ತಿನ್ನುವ ಸಾತ್ವಿಕ ಬಾಡಿಗೆದಾರ ಎಂದು ರಾಯರ ನಂಬಿಕೆ. ಮರಿಗಳಿಗೆ ಅದು ಉಣಿಸುವುದು ಹುಳಹುಪ್ಪಟೆ. ಸಸ್ಯಾಹಾರಿಗಳಿಗಷ್ಟೇ ಮನೆ ಕೊಡುವ ಈ ಕಟ್ಟಡದಲ್ಲಿ ಸುದ್ದಿ ಹಬ್ಬಿದರೆ ಗುಬ್ಬಿಗೂ ನೋಟಿಸೇ. ಅದರ ಅಗತ್ಯ ಬೀಳದಂತೆ ಅಸೋಸಿಯೇಷನ್ನು ತೋಟಕ್ಕೆ ತಿಂಗಳಿಗೊಮ್ಮೆ ಔಷಧಿ ಹೊಡೆಸಿ ಅಡುಗೆಮನೆಯನ್ನೇ ಮುಚ್ಚಿಸಿದೆ.

ಅಸಲಿಗೆ ಹಕ್ಕಿಗಳಲ್ಲಿ ಪೊಟರೆ ಕೊರೆಯುವ ಮೇಸ್ತ್ರಿಗಳು ಕಡಿಮೆ. ಕುಟ್ರು ಹಕ್ಕಿ, ಮರಕುಟಿಗ ಒಣಕೊಂಬೆ ಕೊರೆದು ಮನೆ ಮಾಡುತ್ತವೆ. ಹಾಲಕ್ಕಿ, ಗೊರವಂಕ, ಮಡಿವಾಳ ಎಲ್ಲ ಸಿದ್ಧ ಮನೆ ಹುಡುಕುವ ಗಿರಾಕಿಗಳು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಸಿಕ್ಕ ಪೊಟರೆಯಲ್ಲೇ ಸಂಸಾರ ಹೂಡುವ ಜಾತಿ.

ರಾಯರ ಬಾಲ್ಕನಿಯ ಎದುರಿಗೇ ಹಳೆಯ ಮಳೆಮರವೊಂದಿದೆ. ಅದರ ಒಣಕೊಂಬೆಯಲ್ಲಿ ಮೂರು ಪೊಟರೆಗಳಿದ್ದವು: ಮೇಲೆ ಕುಟ್ರು, ನಡುವೆ ಗಿಳಿ, ಕೆಳಗೆ ಹಾಲಕ್ಕಿ ಜೋಡಿ. ಒಂದೇ ಕೊಂಬೆಯಲ್ಲಿ ಮೂರು ಒಕ್ಕಲು, ಮೇಂಟೆನೆನ್ಸ್ ಜಗಳವಿಲ್ಲ. ಫೆಬ್ರವರಿಯಲ್ಲಿ 'ಒಣಕೊಂಬೆ ನೋಡಲು ಅಸಹ್ಯ' ಎಂದು ಅರ್ಜಿ ಹೋಯಿತು, ಗರಗಸ ಬಂತು. ಅರ್ಜಿಯಲ್ಲಿ ಮೊದಲ ಸಹಿ ರಾಯರದು. ಎರಡನೆಯದು ನನ್ನದು.

ಮೂರು ಮನೆ ಕೆಡವಿ, ಒಂದು ಪೆಟ್ಟಿಗೆ ನೇತುಹಾಕಿ, ಅದಕ್ಕಾಗಿ ಕಚ್ಚಾಡುವವರನ್ನು ರೌಡಿ ಎನ್ನುವ ವಿದ್ಯೆ ಗೊರವಂಕಕ್ಕೆ ಇನ್ನೂ ಬಂದಿಲ್ಲ.

ಗೂಡು ಹಾಕಬೇಡಿ ಎನ್ನುತ್ತಿಲ್ಲ. ತೂತು ಅಳೆದು ತನ್ನಿ, ಕಡ್ಡಿ ಕಿತ್ತುಹಾಕಿ, ಔಷಧಿ ನಿಲ್ಲಿಸಿ. ಯಾರ ತಲೆಯ ಮೇಲೂ ಬೀಳದ ಒಣಕೊಂಬೆಯೊಂದು ನಿಮ್ಮ ಕಾಂಪೌಂಡಿನಲ್ಲಿದ್ದರೆ, ಈ ವರ್ಷ ಅದನ್ನು ಹಾಗೇ ಬಿಡಿ.